ಲೇಸು

ಏಳೂವರೆಗೆ ನನ್ನ ಕೆಲಸ ಶುರು.
ಲೋಹದ ಚೌಕಟ್ಟು ಕುಂಯ್ ಎಂದರೆ ಬೆಲ್ಟು ಬಿಚ್ಚಿಸಬೇಕು,
ಬೂಟಿನ ಲೇಸೆಳೆದು, ಸುತ್ತಿ, ಹೆಸರಿನ ಖಾನೆಯಲ್ಲಿಡಬೇಕು.
ಯಾವ ಕಾಲದಲ್ಲೋ ಯಾರೋ ಯಾರದೋ ಕೊರಳಿಗೆ ಬಿಗಿದಿದ್ದರಂತೆ;
ಬಿಗಿದವನಿಗೆ ಈಗ ಮಕ್ಕಳಿರಬಹುದು, ನಿಯಮ ಹಾಗೇ ಇದೆ.
ಲೇಸು ಎಂದೇ ಅದರ ಹೆಸರು.
ಯಾರಿಗೆ ಲೇಸು ಎಂದು ಕೇಳಬೇಡಿ.

ಹಳದಿ ಗೆರೆಯ ಮೇಲೆ, ಕೈ ಬೆನ್ನ ಹಿಂದೆ,
ಬಾಯ್ದೆರೆದ ಬೂಟುಗಳನ್ನು ಎಳೆದುಕೊಂಡು
ಬಾಯಿ ಮುಚ್ಚಿದ ಮಕ್ಕಳು ನಡೆಯುತ್ತಾರೆ.
ಕಿಟಕಿಯಾಚೆ ಪೋರ್ಟ್ ಆರ್ಥರಿನ ಎಣ್ಣೆ ಕಾರ್ಖಾನೆ
ಹಾಡಹಗಲೇ ದೀವಟಿಗೆ ಹಿಡಿದು
ಏನನ್ನೋ ಹುಡುಕುತ್ತಿರುತ್ತದೆ.

ಕೆಡ್ರಿಕ್ ಬ್ರೂಸಾರ್ಡ್, ವಯಸ್ಸು ಹದಿನಾಲ್ಕು.
ಮೊದಲ ಸಲ ಶೌಚಾಲಯದ ಹೊಗೆಗೆ: ಮೂವತ್ತು ದಿನ.
ಎರಡನೆಯದು ಮೇಜು ಒದ್ದದ್ದಕ್ಕೆ: ನಲವತ್ತೈದು.
ಮೂರನೆಯ ಕಾಗದದಲ್ಲಿ 'ಮುಂದುವರಿದ ಅವಿಧೇಯತೆ' ಎಂದಿತ್ತು,
ಎಲ್ಲಿಂದ ಮುಂದುವರಿಯಿತು ಎಂದಿರಲಿಲ್ಲ.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ,
ಎಂದರು ಯಾರೋ ಕಾಫಿ ಯಂತ್ರದ ಬಳಿ.
ನಾನೂ ನಕ್ಕೆ. ಸುಳ್ಳೇಕೆ ಹೇಳಲಿ.
ಆಮೇಲೆ ಅವನ ಲೇಸಿಡಲು ಹೋದರೆ
ಖಾನೆಯ ಮೇಲೆ ಹಳೆಯ ಚೀಟಿ ಇನ್ನೂ ಇತ್ತು;
ನಾನೇ ಕಿತ್ತಿರಲಿಲ್ಲ.
ಬರುತ್ತಾನೆಂದು ನನಗೆ ಗೊತ್ತಿತ್ತೇ?
ಬಾಗಿಲನ್ನು ಒಬ್ಬರೂ ತೆರೆಯದ ಮನೆಗೆ
ಪಿಶಾಚಿಯಾದರೂ ಇನ್ನೆಲ್ಲಿಂದ ಬರಬೇಕು?

ಕೇಳಿದೆ. ಉತ್ತರಿಸಲು ನಾಲ್ಕು ದಿನ ತೆಗೆದುಕೊಂಡ.
"ವಾಪಸು ಹೋದ ದಿನ ಮಧ್ಯಾಹ್ನದವರೆಗೂ ಆಫೀಸಿನಲ್ಲೇ ಕೂರಿಸಿದರು,
ನನ್ನ ಟೈಂಟೇಬಲ್ ಸಿಗಲಿಲ್ಲವಂತೆ.
ಗಣಿತದಲ್ಲಿ ನನ್ನ ಜಾಗದಲ್ಲಿ ಪ್ರಿಂಟರ್ ಇಟ್ಟಿದ್ದರು.
ಅಲ್ಲಿ ನನಗೆ ಕುರ್ಚಿ ಇಲ್ಲ, ಮಿಸ್ ಆರ್ಲೀತಾ.
ಇಲ್ಲಿ ಯಾವಾಗಲೂ ಇರುತ್ತೆ."

ನಾನು ಟೀಚರಲ್ಲ. ಲೇಸಿನವಳು.
ನನ್ನ ಬಳಿ ಇರುವುದೊಂದು ಫೋನು, ಅದೂ ಗೋಡೆಗೆ ಕಟ್ಟಿದ್ದು.
ಬಿಡುಗಡೆಗೆ ಹದಿನೈದು ದಿನವಿರುವಾಗಲೇ ಅವನ ಶಾಲೆಗೆ ಹಚ್ಚಿದೆ.
ಪಿಯಾನೋ ಕೇಳಿಸಿದರು. ಫೈಲು ಬಂದಿಲ್ಲ ಎಂದರು.
ಮರುದಿನ ಮತ್ತೆ ಪಿಯಾನೋ.
ಊಟದ ಬಿಡುವಿನಲ್ಲಿ ಕಾರು ತೆಗೆದುಕೊಂಡು ನಾನೇ ಹೋದೆ.
ಗಣಿತದ ಕ್ವಾಚ್ ಮೇಷ್ಟ್ರು ಗೇಟಿನಲ್ಲಿ ನಿಂತು
ಕಿತ್ತಳೆ ಸುಲಿಯುತ್ತಿದ್ದರು. ಎಲ್ಲ ಕೇಳಿದರು,
ಒಂದು ತೊಳೆ ನನಗೂ ಕೊಟ್ಟರು,
"ಪ್ರಿಂಟರ್ ಕಾಲಿಲ್ಲದ್ದು, ತಾನಾಗಿ ಕದಲುವುದಿಲ್ಲ" ಎಂದರು.
ಕಟ್ಟಿನಷ್ಟು ಲೆಕ್ಕದ ಹಾಳೆ ಕೊಟ್ಟು ಕಳಿಸಿದರು.

ಅಜ್ಜಿಯೊಡನೆ ಸಭೆ ಬೆಳಿಗ್ಗೆ ಹತ್ತಕ್ಕೆಂದು ಬರೆದಿದ್ದರು;
ಆಸ್ಪತ್ರೆಯಲ್ಲಿ ರಾತ್ರಿಯಿಡೀ ನೆಲ ಒರೆಸಿದವಳು
ಹತ್ತಕ್ಕೆ ಸತ್ತವರ ಹಾಗೆ ಮಲಗಿರುತ್ತಾಳೆ.
ಎರಡು ಸಲವೂ ಕಾಗದದಲ್ಲಿ 'ಪೋಷಕರು ಗೈರು'.
ಆರೂ ನಲವತ್ತಕ್ಕೆ ಮಾಡಿಸಿದೆ.
ಬಂದಳು, ಕೆಲಸದ ಅಂಗಿಯಲ್ಲೇ, ಕೈಯಲ್ಲಿ ಫಿನಾಯಿಲ್ ವಾಸನೆ,
ಮೂರೇ ಮಾತಾಡಿದಳು. ಮೂರನೆಯದು
ಹುಡುಗನ ಕಿವಿಯಲ್ಲಿ, ನಮಗೆ ಕೇಳಿಸಲಿಲ್ಲ.

ಕೊನೆಯ ಸಂಜೆ ಲೇಸು ಕೊಟ್ಟೆ.
ಎಲ್ಲರೂ ಜೇಬಿಗೆ ತುರುಕಿ ಓಡುವವರು;
ಇವನು ಬೆಂಚಿನ ಮೇಲೆ ಕೂತು
ಒಂದೊಂದು ತೂತಿಗೂ ಪೋಣಿಸಿದ.
ಹೊರಗೆ ಬಸ್ಸು ಹಾರನ್ನು ಹೊಡೆಯುತ್ತಿತ್ತು.
"ಮತ್ತೆ ಸಿಗೋಣ" ಎನ್ನಲು ಹೋಗಿ ನುಂಗಿಕೊಂಡೆ.

ಹನ್ನೊಂದನೆಯ ದಿನ ಕ್ವಾಚರ ಫೋನು:
ತಡವಾಗಿ ಬಂದ, ಪೆನ್ಸಿಲು ಮುರಿದ,
ಬಾಗಿಲವರೆಗೆ ಹೋಗಿ
ವಾಪಸು ಬಂದು ಕೂತ. ಕೂತಿದ್ದಾನೆ.
ಅಷ್ಟೇ ಎಂದರು. ಅಷ್ಟೇ ಸಾಕೆಂದೆ.

ಜಿಲ್ಲಾ ಕಚೇರಿಯ ಪಟ್ಟಿಯಲ್ಲಿ ಮರಳಿ ಬಂದವರ ಕೆಂಪು ಗೀಟು
ಹೋದ ವರ್ಷಕ್ಕಿಂತ ಒಂದು ಕೂದಲೆಳೆ ಕುಳ್ಳಗಾದೀತು,
ಯಾರಿಗೂ ಕಾಣದಷ್ಟು.
ಖಾನೆಯ ಚೀಟಿ ಕೀಳಲು ಉಗುರು ಹಾಕಿದೆ:
'ಕೆಡ್ರಿಕ್' ಬಂತು. 'ಬ್ರೂಸಾರ್ಡ್' ಅಂಟಿಕೊಂಡೇ ಇದೆ.
ಅವನ ತಮ್ಮ ಮುಂದಿನ ವರ್ಷ ಆರನೆಯ ತರಗತಿ.
ಬಿಸಿನೀರು, ಸೋಪು, ಹಳೆಯ ಚಾಕು,
ನಾಳೆ ಇನ್ನೊಂದು ಸಲ ಉಜ್ಜಿ ನೋಡುತ್ತೇನೆ.