ಒತ್ತಕ್ಷರ

ಪುರಭವನದಲ್ಲಿ ಫ್ಯಾನು ತಿರುಗುವುದು ಗಾಳಿಗಲ್ಲ, ಸದ್ದಿಗೆ.
ಮೇಜು ಮೇಜಿನಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿದ ಆಟಗಾರರು,
ಬಬಲ್‌ಗಮ್ಮಿನ ಜೊತೆ ಬಂದವರು, ಬೆಂಕಿಪೊಟ್ಟಣದ ಮೇಲೆ ಬಂದವರು,
ಮೂಲೆ ಮಡಚಿದವರಿಗೆ ಅರ್ಧ ರೇಟು.
ಕಡಲಗಾಳಿಗೆ ಬೂಷ್ಟು ಹಿಡಿದು
ಒಬ್ಬ ವಿಕೆಟ್‌ಕೀಪರಿನ ಮುಖವೇ ಹೋಗಿದೆ,
ಗ್ಲೌಸು ಮಾತ್ರ ಉಂಟು.
"ಗೋಳಿಬಜೆ ತಿಂದ ಕೈಯಲ್ಲಿ ಮುಟ್ಟಬೇಡಿ ಮಾರಾಯ್ರೆ,"
ಅಂಗಡಿ ಹುಡುಗ ಹೇಳುತ್ತಲೇ ಇದ್ದಾನೆ.

ಅಕ್ಕನ ಮೊಮ್ಮಗನಿಗೆ ಕಬಡ್ಡಿಯ ಕಾರ್ಡು ಬೇಕಿತ್ತು,
ಅದಕ್ಕೆ ಬಂದದ್ದು ನಾನು. ಬೇರೆ ಎಂತ ಕೆಲಸ ನನಗಿಲ್ಲಿ?

ಒಂಬತ್ತನೆಯ ಮೇಜಿನ ಎದುರು ಕಾಲು ನಿಂತಿತು.
ಕಪ್ಪು ಮಖಮಲ್ಲು. ಮೊಹರು ಒತ್ತಿದ ಪ್ರಮಾಣಪತ್ರ.
ವಲೇರಿಯನ್ ಕುಟಿನ್ಹ, ಎಡಗೈ ವೇಗಿ.
ಸಹಿ ಅಸಲಿ. ನಾಲ್ಕು ಸಾವಿರದ ಐನೂರು.

ಅಸಲಿ ಅಲ್ಲ. ನನ್ನದು.

ಟಿಯ ಗುಡಿಸಿನ ಹತ್ತಿರ ಸಣ್ಣ ಮಸಿಚುಕ್ಕೆ:
ನನ್ನ ಪೆನ್ನು ಅಲ್ಲೇ ಸೋರುತ್ತಿತ್ತು.

ಏಳನೇ ಕ್ಲಾಸು. ಮೈದಾನದ ತಂತಿಬೇಲಿಯ ಹೊರಗೆ
ಗಂಡುಹುಡುಗರ ಬೆನ್ನ ಹಿಂದೆ ನಾನೊಬ್ಬಳೇ.
ಬೆವರಿನಲ್ಲಿ ತೊಯ್ದು ಬಂದರು ಅವರು. ಕಾಗದವಿರಲಿಲ್ಲ,
ಬೇಲಿಯ ಸಂದಿನಲ್ಲಿ ಕೈ ತೂರಿಸಿದೆ.
ಅಂಗೈಗೇ ಬರೆದರು, ಕನ್ನಡದಲ್ಲಿ, ಒತ್ತಿ, ನೋಯುವ ಹಾಗೆ.
ನಕಾರದ ಕೆಳಗೆ ಹಕಾರದ ಒತ್ತು
ನೆಟ್ಟಗೆ ಬಂದಂತೆ ಮಾಡಿ
ಕೊನೆಗೆ ಥಟ್ಟನೆ ಹೊರಕ್ಕೆ ತಿರುಗಿತು,
ಅವರ ಬಾಲಿನ ಹಾಗೆಯೇ.

ಮುಷ್ಟಿ ಕಟ್ಟಿದರೆ ಬೆವರಿಗೆ ಅಳಿಸೀತು.
ಬಲ್ಮಠದವರೆಗೆ ಬೇಡುವವಳ ಹಾಗೆ
ಕೈ ಚಾಚಿಕೊಂಡೇ ನಡೆದೆ.
ಮನೆಯಲ್ಲಿ ಬೂತಾಯಿ ಹುರಿದಿದ್ದರು, ಕೈ ತೊಳೆಯಲೇಬೇಕು.
ತೊಳೆಯುವ ಮೊದಲು ಕಾಪಿಪುಸ್ತಕಕ್ಕೆ ಇಳಿಸಿದೆ,
ಒಂದು ಸಲ, ಹತ್ತು ಸಲ,
ಬಲಗೈ ಸೋತು ಸಾಲದೆ ಎಡಗೈಯಲ್ಲಿ.
ಎಡಗೈಗೆ ಸರಿಯಾಗಿ ಬಂತು.

ಆಮೇಲೆ ವ್ಯಾಪಾರ.
ಐತಪ್ಪನಿಗೆ ಒಂದು, ನೊರ್ಬರ್ಟನಿಗೆ ಎರಡು,
ಬಂದರಿನ ಇದಿನಬ್ಬನಿಗೆ ಸುಟ್ಟ ಗೇರುಬೀಜದ ಲೆಕ್ಕದಲ್ಲಿ.
"ನಿನಗೆ ಹೇಗೆ ಸಿಗುತ್ತದೆ?" ಅಂದರೆ
"ನಮ್ಮ ಮಾವನ ಗುರುತು" ಅನ್ನುತ್ತಿದ್ದೆ.
ಇಪ್ಪತ್ತಮೂರು ಹಾಕಿದೆ. ತಲಾ ಐವತ್ತು ಪೈಸೆ.
ಸಿಸ್ಟರ್ ಎಮಿಲ್ಡಾ ಹಿಡಿದದ್ದು ಇಪ್ಪತ್ತನಾಲ್ಕನೆಯದನ್ನು.

ಈಗ ಚೌಕಾಸಿ ಮಾಡಿ
ಮೂರು ಸಾವಿರದ ಎಂಟುನೂರಕ್ಕೆ ಕೊಂಡೆ.
"ಅಪರೂಪದ ಮಾಲು ಅಕ್ಕಾ," ಹುಡುಗ ಪಿಸುಗುಟ್ಟಿದ,
"ಅಗೋ, ಅಲ್ಲಿ ಕೂತಿದ್ದಾರಲ್ಲ, ಧರ್ಮಕ್ಕೇ ಹಾಕಿಕೊಡುತ್ತಾರೆ.
ಪಾರ್ಶ್ವವಾಯು ಬಡಿದ ಮೇಲಿನ ಸಹಿಗೆ ಬೆಲೆ ಇಲ್ಲ.
ನೋಡಿದರೆ ನಕಲಿ ಅನಿಸುತ್ತದೆ."

ವೇದಿಕೆಯ ಪಕ್ಕ, ನೀರಿನ ಡ್ರಮ್ಮಿನ ಹತ್ತಿರ,
ಇಸ್ತ್ರಿ ಮಾಡಿದ ಬ್ಲೇಜರಿನೊಳಗೆ ಸಣ್ಣಗಾದ ಮನುಷ್ಯ.
ಸಾಲು ಇರಲಿಲ್ಲ.
ಹೇಳಬೇಕೆಂದು ಹೋದದ್ದು ನಿಜ.
ಬಾಯಿ ತೆರೆಯುವ ಮೊದಲೇ ಕಾಗದ ಹಿಡಿದುಕೊಂಡು
ಕನ್ನಡಕ ಹಣೆಗೇರಿಸಿ ತುಂಬಾ ಹೊತ್ತು ನೋಡಿದರು.
"ಆಗ ಎಷ್ಟು ಚೆಂದ ಬರೆಯುತ್ತಿದ್ದೆ ಅಲ್ವಾ," ಅಂದರು.

ಬೇವರ್ಸಿ ನಾಲಿಗೆ, ಅಷ್ಟು ಕಾಲ ಸುಳ್ಳು ಹೇಳಿದ್ದು,
"ಹೌದು" ಎಂದಿತು.

ಪೆನ್ನು ಕೊಟ್ಟೆ.
ನನ್ನ ಅಕ್ಷರವನ್ನು ನೋಡಿ ನೋಡಿ, ಅದರ ಕೆಳಗೆ,
ಕಾಪಿ ತಿದ್ದುವ ಮಗುವಿನಂತೆ ನಾಲಿಗೆ ಕಚ್ಚಿ
ತಮ್ಮ ಹೆಸರು ಬರೆದರು.
ಒತ್ತು ಈ ಸಲ ಒಳಕ್ಕೆ ತಿರುಗಿತು.

"ಅಯ್ಯೋ, ರೇಟು ಬಿತ್ತಲ್ಲ ಅಕ್ಕಾ," ಹುಡುಗ ತಲೆ ಚಚ್ಚಿಕೊಂಡ.

ಬಸ್ಸಿನಲ್ಲಿ ಕಬಡ್ಡಿ ಕಾರ್ಡು ಮೂಸುತ್ತಾ ಮೊಮ್ಮಗ ಕೇಳಿದ:
ಎರಡರಲ್ಲಿ ಯಾವುದು ನಿಜದ್ದು ಅಜ್ಜಿ?

ಕಂಕನಾಡಿ ಬರುವವರೆಗೂ
ನಾನು ಚಿಲ್ಲರೆ ಎಣಿಸುತ್ತಿದ್ದೆ.