ಮುಲ್ತೆ ಎಲ್ಲಿ ಸಿಕ್ಕಿತು

ಶೀಶೆಯ ಮೇಲೊಬ್ಬಳು ಅಜ್ಜಿ. ತಲೆಗೆ ಚೌಕಳಿ ವಸ್ತ್ರ,
ತೊಡೆಯ ಮೇಲೆ ತವರದ ಬಕೆಟ್ಟು, ಬಕೆಟ್ಟಿನ ತುಂಬ
ಕೆಂಪು ಕೆಂಪು ಹಣ್ಣು.
ಕೆಳಗೆ ಬರೆದಿದೆ: ಓಡ್ಲೌಗಜ್ಜಿಯ ಮುಲ್ತೆ ಜಾಮು.
ನಮ್ಮೂರ ಜೌಗಿನಲ್ಲಿ ನಮ್ಮವರೇ
ಒಂದೊಂದಾಗಿ ಕೈಯಲ್ಲಿ ಬಿಡಿಸಿದ್ದು.

ನನ್ನ ಕೆಲಸ ಇಷ್ಟೆ: 'ನಮ್ಮೂರ' ಅಂದರೆ ಯಾವ ಊರು,
'ನಮ್ಮವರೇ' ಅಂದರೆ ಎಷ್ಟು ಜನ,
'ಒಂದೊಂದಾಗಿ' ಎಂಬುದಕ್ಕೆ ರಸೀದಿ ಇದೆಯೇ,
ಕೇಳುವುದು. ವಾದ್ಸೋ ಪಟ್ಟಣದ ಆಹಾರ ಕಚೇರಿ,
ಎರಡನೆಯ ಮಹಡಿ, ಸಮುದ್ರ ಕಾಣದ ಕಿಟಕಿ.
ಹನ್ನೆರಡು ವರ್ಷದಿಂದ
ವಿಶೇಷಣಗಳ ಜೇಬು ತಡಕುತ್ತಿದ್ದೇನೆ.

ಕಂಪನಿ ಕಳಿಸಿದ ಪುರಾವೆಯ ಕಡತ ದಪ್ಪಗಿತ್ತು.
ಬಿಚ್ಚಿದರೆ, ಮಂಜಿನ ಫೋಟೋ ಏಳು,
ಹಿಮಸಾರಂಗದ್ದು ಎರಡು,
ಪರಂಪರೆ ಎಂಬ ಪದ ಹತ್ತೊಂಬತ್ತು ಸಲ.
ಎಲ್ಲೂ ಒಂದು ತೂಕದ ಚೀಟಿ ಇಲ್ಲ.

ಹಾಗಾಗಿ ಲೆಕ್ಕ ನಾನೇ ಹಾಕಿದೆ, ಪೆನ್ಸಿಲ್ಲಿನಲ್ಲಿ.
ವರ್ಷಕ್ಕೆ ನಲವತ್ತು ಸಾವಿರ ಶೀಶೆ.
ಶೀಶೆಗೆ ಕಾಲು ಕಿಲೋ ಹಣ್ಣು ಎಂದರೂ ಹತ್ತು ಟನ್ನು.
ಮುಲ್ತೆ ಗಿಡ ಗೇಣುದ್ದ; ಒಂದು ಕಡ್ಡಿಗೆ ಒಂದೇ ಹೂ, ಒಂದೇ ಹಣ್ಣು.
ಬಗ್ಗಿ, ಎದ್ದು, ಸೊಳ್ಳೆ ಓಡಿಸಿ, ಮತ್ತೆ ಬಗ್ಗಿ
ದಿನಕ್ಕೆ ಹತ್ತು ಕಿಲೋ ತಂದವನನ್ನು ಊರು ಹೊಗಳುತ್ತದೆ.
ಹಂಗಾಮು ಮೂರೇ ವಾರ.
ನಲವತ್ತೆಂಟು ಜನ ಬೇಕು, ನೋವಿಲ್ಲದ ಬೆನ್ನಿನವರು.
ಊರಿನಲ್ಲಿರುವುದು ಮೂವತ್ತೊಂದು ಜನ,
ತೊಟ್ಟಿಲ ಕೂಸನ್ನು ಸೇರಿಸಿ,
ಮಂಡಿ ಮಡಚಲಾರದ ಪಾದ್ರಿಯನ್ನೂ ಸೇರಿಸಿ.

ಹೋದ ಜೂನಿನಲ್ಲಿ ಹೂವಿನ ಮೇಲೆ ಹಿಮ ಕೂತು
ಜೌಗು ಬರಿದಾಯಿತು; ಹಕ್ಕಿಗೂ ಸಾಲಲಿಲ್ಲ.
ಶೀಶೆ ಮಾತ್ರ ಆಗಲೂ ನಲವತ್ತು ಸಾವಿರ.
ಹಿಮಕ್ಕೆ ಕಾರ್ಖಾನೆಯ ವಿಳಾಸ ಗೊತ್ತಿರಲಿಲ್ಲವೇನೋ.

ಟೂರ್‌ಗೈರ್‌ಗೆ ತೋರಿಸಿದೆ. ಹಿಂದೆ ದೋಣಿ ನಡೆಸುತ್ತಿದ್ದವನು,
ಈಗ ಆಗಸ್ಟ್ ಬಂದರೆ ಕಾಣೆಯಾಗುವವನು.
ಕನ್ನಡಕ ಹಣೆಗೇರಿಸಿ, ಶೀಶೆಯನ್ನು ಮೂಗಿನ ಹತ್ತಿರ ಹಿಡಿದು ನಕ್ಕ:
"ಕೆಂಪಗಿರೋದು ಕಾಯಿ ಕಣಮ್ಮ. ಹಣ್ಣಾದರೆ ಅದು ಜೇನಿನ ಬಣ್ಣ.
ಈ ಅಜ್ಜಿ ಜೀವಮಾನದಲ್ಲಿ ಜೌಗಿಗೆ ಇಳಿದಿಲ್ಲ."
ಆಮೇಲೆ ತಿರುಗಿಸಿದ. ಹಿಂಬದಿಗೆ ಪುಟ್ಟ ನಕ್ಷೆ,
ಜೌಗಿರುವ ಕಡೆ ಬಾಣದ ಗುರುತು.
ನಗು ನಿಂತಿತು.
"ಮುಲ್ತೆ ಇರೋ ಜಾಗಾನ ಯಾರಾದ್ರೂ
ಊರಿಗೆಲ್ಲ ಹೇಳ್ತಾರಾ? ನಮ್ಮಪ್ಪ ಸಾಯೋವಾಗ
ನನ್ನ ಕಿವೀಲಿ ಹೇಳಿದ. ಅದೂ ಅರ್ಧ."

ಇದನ್ನು ಬರೆಯಲು ವರದಿಯಲ್ಲಿ ಅಂಕಣವಿಲ್ಲ.

ಜಾಮು ಚೆನ್ನಾಗಿಯೇ ಇತ್ತು, ಸುಳ್ಳೇಕೆ.
ಬೀಜ ಹಲ್ಲಿಗೆ ಸಿಕ್ಕಿತು, ಹುಳಿ ತಡವಾಗಿ ಬಂತು.
ಕೊನೆಗೆ ಕೈಗೆ ಬಂದ ಸರಕುಪಟ್ಟಿಯಲ್ಲಿ
ಹೆಪ್ಪುಗಟ್ಟಿಸಿದ ಹಣ್ಣಿನ ಪೀಪಾಯಿಗಳು, ಗಡಿಯಾಚೆಯವು.
ಅಲ್ಲೂ ಯಾರೋ ಬಗ್ಗಿದ್ದಾರೆ, ಸೊಳ್ಳೆ ಓಡಿಸಿದ್ದಾರೆ.
ಅವರ ಬೆನ್ನನ್ನು ಈ ಚೌಕಳಿ ವಸ್ತ್ರದವಳು
ತನ್ನದೆಂದಳಲ್ಲ,
ನನಗೆ ಸಿಟ್ಟು ಬಂದಿದ್ದು ಅಷ್ಟಕ್ಕೇ.

ಬರೆದೆ: ಹೇಳಿಕೆಗೆ ಆಧಾರ ದೊರೆತಿಲ್ಲ.
ಆರು ವಾರದೊಳಗೆ ಲೇಬಲ್ಲು ಬದಲಿಸತಕ್ಕದ್ದು.
ಮೊಹರು. ಸಹಿ: ರಾಗ್ನ್‌ಫ್ರಿಡ್.

ಶನಿವಾರ ನಾನೂ ಎರಡು ಬಕೆಟ್ಟು ತಂದೆ.
ಪಕ್ಕದ ಮನೆಯ ಗುನ್‌ವೋರ್ ಬಾಗಿಲಲ್ಲಿ ಇಣುಕಿ
ಎಲ್ಲಿ ಸಿಕ್ಕಿತು ಇಷ್ಟೊಂದು, ಅಂದಳು.
ಹನ್ನೆರಡು ವರ್ಷದ ಕಚೇರಿಯ ಮುಖ ಹೊತ್ತು
"ಪೂರ್ವದ ಕೆರೆಯ ಕಡೆ" ಅಂದೆ.
ಹೌದೌದು, ಎಂದು ತಲೆಯಾಡಿಸಿದಳು;
ಕಣ್ಣು ಮಾತ್ರ ನನ್ನ ಬೂಟಿನ ಮೇಲೆ,
ಇನ್ನೂ ಒಣಗದ
ಪಶ್ಚಿಮದ ಕಪ್ಪು ಮಣ್ಣಿನ ಮೇಲೆ.