ಬಾಗಿಲ ಸಂದಿ

ಮೊಖೊಟ್ಲೋಂಗಿನ ಬೆಟ್ಟದಲ್ಲಿ ಜುಲೈ ಅಂದರೆ ಹಿಮ.
ಭಾನುವಾರ ಚರ್ಚಿನ ಬೆಂಚು ಒರೆಸುವುದು ನನ್ನ ಪಾಲಿನ ಸೇವೆ.
ಒಲೆಯ ಪಕ್ಕದ್ದನ್ನು ಎರಡು ಸಲ ಒರೆಸುತ್ತೇನೆ,
ಅಲ್ಲಿ ಅಂಗಡಿಯ ಲೆಖೋವಾನ ಕೂರುತ್ತಾನೆ.
ಹೊಸ ಕಂಬಳಿ, ಕುದುರೆಯ ಲಗಾಮಿಗೂ ಹಿತ್ತಾಳೆ;
ನನ್ನ ಸಾಲದ ಲೆಕ್ಕ ಅವನ ಗಲ್ಲಾಪೆಟ್ಟಿಗೆಯಲ್ಲಿ.

ಬಾಗಿಲ ಬಳಿಯ ಬೆಂಚು ಒರೆಸುವುದಿಲ್ಲ.
ಅದು ಕುರಿ ಕಾಯುವ ಹುಡುಗನದು.
"ಇಲ್ಲೇ ಕೂರು ಮಗಾ" ಅನ್ನುತ್ತೇನೆ,
ವರ್ಷದಿಂದ, ಪ್ರತಿ ವಾರ, ನಗುತ್ತಲೇ.

ಮೊನ್ನೆ ಕಣ್ಣು ಕಾಣದ ಪುಸೆಲೆಟ್ಸೊ ಅಜ್ಜಿ
ಕೀರ್ತನೆಯ ನಡುವೆ ಮೂಗರಳಿಸಿದಳು:
"ಹಸಿ ಉಣ್ಣೆ, ಸಗಣಿಬೆಂಕಿಯ ಹೊಗೆ...
ನಮ್ಮ ಮನೆಯವರು ಯಾರೋ ಬಂದಿದ್ದಾರೆ,
ಕರಕೊಂಡು ಬಾರೇ."
ಕರೆತಂದೆ. ಕಂಬಳಿ ಬಿಚ್ಚಿ ಒಳಗೆಳೆದುಕೊಂಡಳು.
"ಹೆಸರೇನಪ್ಪ?"
"ಸೆಖೋಬೆ."
ನನಗೂ ಆಗಲೇ ಗೊತ್ತಾದದ್ದು.

ಲೆಖೋವಾನ ಬಂದದ್ದು ತಡವಾಗಿ. ಉಳಿದದ್ದು ಬಾಗಿಲು.
ನನ್ನೆದೆ ಡವಡವ: ಆ ಲೆಕ್ಕ, ಆ ಪೆಟ್ಟಿಗೆ.
ಅವನೇನೂ ಅನ್ನಲಿಲ್ಲ. ಪ್ರಸಂಗದುದ್ದಕ್ಕೂ
ಕಾಲ ಮೇಲೆ ಕಾಲು ಹಾಕಿದ, ಇಳಿಸಿದ, ಕೆಮ್ಮಿದ.

ಸೋಮವಾರ ಹಲಗೆ, ಮೊಳೆ, ಸುತ್ತಿಗೆ ಹಿಡಿದು ಬಂದ.
"ಅಬ್ಬಾ, ಏನು ಗಾಳಿ ಆ ಸಂದಿಯಲ್ಲಿ!"
ಮಂಡಿಯೂರಿ ಬಡಿಯತೊಡಗಿದ.
ಮೊಳೆ ಹಿಡಿದವಳು ನಾನು.

ಹನ್ನೆರಡು ಚಳಿಗಾಲದಿಂದ ಇತ್ತು ಆ ಸಂದಿ.
ಅಲ್ಲಿ ಕೂತವರು ಹೇಳಲಿಲ್ಲ.
ಕೇಳಲು ನಾವಾದರೂ ಯಾವಾಗ ತಿರುಗಿದ್ದೆವು?
ಪ್ರೀತಿಯನ್ನು ಹಾಡುತ್ತ ನಿಂತಿದ್ದೆವಲ್ಲ,
ಒಲೆಯ ಕಡೆ ಮುಖಮಾಡಿ.